ಅಮಾವಾಸ್ಯೆಯ ತಲೆನೋವು

ಬೆಟಗೇರಿಯ ಆ ಓಣಿಯಲ್ಲಿ ಬನಶಂಕರೆವ್ವನ ಮಗ್ಗದ ಸದ್ದು ಹಗಲು ಹೊತ್ತಿನಲ್ಲಿ ಥಟ್ಟನೆ ನಿಂತಿತೆಂದರೆ ಎದುರುಮನೆಯ ಚನ್ನಮ್ಮ ಟಿವಿ ಸಣ್ಣದು ಮಾಡುತ್ತಿದ್ದಳು. ತರಕಾರಿ ಗಾಡಿಯವನು ಆ ಮನೆ ದಾಟುವವರೆಗೆ ಕೂಗುತ್ತಿರಲಿಲ್ಲ. ಬನಶಂಕರೆವ್ವನಿಗೆ ತಲೆನೋವು ಬಂದಿದೆ ಎಂಬುದು ಹಾಗೆ ಯಾರೂ ಹೇಳದೆಯೇ ಓಣಿಗೆಲ್ಲ ತಿಳಿಯುತ್ತಿತ್ತು. ಮಗ ಸುನೀಲ ಹುಟ್ಟಿದ ವರ್ಷ ಶುರುವಾದ ನೋವು ಅದು. ಈಗ ಸುನೀಲನಿಗೇ ಒಂದು ಕೂಸಾಗಿತ್ತು.

ಸುನೀಲನ ಹೆಂಡತಿ ಲಕ್ಷ್ಮೀದೇವಿ ಹುಬ್ಬಳ್ಳಿಯಲ್ಲಿ ಹುಟ್ಟಿ, ಅಲ್ಲೇ ಕಾಲೇಜು ಮುಗಿಸಿ ಬಂದವಳು. ಕೂಸು ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ಕಾಯದೆ ಆಸ್ಪತ್ರೆಗೆ ಹೊರಡುವ ಸ್ವಭಾವ. ಅಂಥವಳು ಅತ್ತೆಯ ನೋವನ್ನು ಮೊದಲ ಸಲ ಕಂಡಾಗ ಬೆವೆತುಹೋಗಿದ್ದಳು. ಬಲಗಡೆ ಕತ್ತಿನ ಹಿಂದೆ, ಕೂದಲು ಶುರುವಾಗುವ ಜಾಗದಲ್ಲಿ ಹುಟ್ಟಿದ ನೋವು ನೆತ್ತಿ ಹತ್ತಿ ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಆಮೇಲೆ ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆ ಬೇಡ. ಒದ್ದೆ ಬಟ್ಟೆಯನ್ನು ಹಣೆಗೆ ಬಿಗಿದುಕೊಂಡು ಬನಶಂಕರೆವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಒಂದು ದಿನಕ್ಕೂ ಬಿಡುತ್ತಿತ್ತು, ಮೂರು ದಿನಕ್ಕೂ ಬಿಡುತ್ತಿತ್ತು.

ನೋವಿಲ್ಲದಾಗ ಆಕೆಯ ಕೈ ನೋಡಬೇಕು. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ಒಳಗಿನ ಹಲಗೆ ತುಳಿಯುತ್ತ, ಲಾಳಿಯನ್ನು ಆ ಕೈಯಿಂದ ಈ ಕೈಗೆ ಓಡಿಸುತ್ತ, ಕಣ್ಣು ಮಾತ್ರ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನ ಮೇಲೆ. ಒಂದು ಎಳೆ ಕಡಿದರೆ ಸದ್ದಿನಲ್ಲೇ ಗುರುತಿಸುತ್ತಿದ್ದಳು. ಹನ್ನೆರಡನೆಯ ವಯಸ್ಸಿಗೆ ಕುಣಿಗೆ ಕಾಲಿಟ್ಟವಳು, ಈಗ ಐವತ್ತು. ಗಂಡ ನಾರಾಯಣಪ್ಪನ ಮೊಣಕಾಲು ಸೋತಮೇಲೆ ಅವನ ಮಗ್ಗ ಎತ್ತಿಸಿ ಅದರ ಕುಣಿ ಮುಚ್ಚಿಸಿಯಾಗಿತ್ತು. ಅವನೀಗ ಪಡಸಾಲೆಯಲ್ಲಿ ಕೂತು ಹೆಂಡತಿಯ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದ. ಮನೆಯಲ್ಲಿ ಉಳಿದದ್ದು ಬನಶಂಕರೆವ್ವನ ಒಂದೇ ಮಗ್ಗ.

ಗದಗಿನ ನರರೋಗದ ಡಾಕ್ಟರು ಎರಡು ವರ್ಷದಲ್ಲಿ ನಾಲ್ಕು ತರಹದ ಮಾತ್ರೆ ಕೊಟ್ಟು ನೋಡಿದ್ದರು. ಒಂದು ಕೆಲದಿನ ಹಿಡಿಯಿತು, ಆಮೇಲೆ ಬಿಟ್ಟಿತು. ಒಂದಕ್ಕೆ ಬೆರಳು ಜುಮ್ಮೆಂದು ಎಳೆಯೇ ಕೈಗೆ ಸಿಗದಾಯಿತು. ಇನ್ನೊಂದು ಕೂತಲ್ಲೇ ತೂಕಡಿಕೆ ತಂದು, ಅಂಚು ತಪ್ಪಿ, ಎರಡು ಗೇಣು ನೇಯ್ದದ್ದನ್ನು ಬಿಚ್ಚಬೇಕಾಯಿತು. ಕೊನೆಗೆ ಆ ಡಾಕ್ಟರೇ, ನಿಮ್ಮ ನೋವು ಪ್ರತಿಸಲ ಒಂದೇ ಜಾಗದಿಂದ ಏಳುತ್ತದೆ, ಹುಬ್ಬಳ್ಳಿಯಲ್ಲಿ ಒಬ್ಬ ಸರ್ಜನ್ ಇದ್ದಾರೆ, ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಹೋಗುವುದು ಬೇಡವೆಂದವಳು ಬನಶಂಕರೆವ್ವ. ಹಟ ಹಿಡಿದು ಕರೆದೊಯ್ದವಳು ಲಕ್ಷ್ಮೀದೇವಿ, ಎದೆಗೆ ಮೂರು ತಿಂಗಳ ಕೂಸನ್ನು ಕಟ್ಟಿಕೊಂಡು.

ಹುಬ್ಬಳ್ಳಿಯ ಡಾಕ್ಟರಮ್ಮ ಕತ್ತಿನ ಹಿಂದೆ ಬೆರಳಿಟ್ಟು ಒತ್ತಿದರು. ಬನಶಂಕರೆವ್ವ ಹಲ್ಲು ಕಚ್ಚಿದಳು.

“ನೋಡ್ರಿ ಅಮ್ಮಾ, ಮೊದಲ ಒಂದ ಮಾತು ಹೇಳ್ತೀನಿ. ನಾ ನಿಮ್ಮ ತಲಿನೋವು ತಗದ ಹಾಕಾಂಗಿಲ್ಲ. ಇಲ್ಲೊಂದು ನರ ಸ್ನಾಯುವಿನ ನಡುವ ಹಿಸುಕಿದಂಗ ಆಗೈತಿ ಅಂತ ಕಾಣತೈತಿ. ಅದಕ್ಕ ಸ್ವಲ್ಪ ಜಾಗಾ ಮಾಡಿ ಕೊಡ್ತೀನಿ. ಅಷ್ಟ.”

“ಅಂದ್ರ ಬೇರ ಸಮೇತ ಹೋಗಂಗಿಲ್ಲೇನ್ರಿ?” ಎಂದ ನಾರಾಯಣಪ್ಪ.

“ಒಬ್ಬಿಬ್ಬರಿಗೆ ಪೂರ್ತಿ ಹೋಗತೈತಿ. ಭಾಳ ಮಂದಿಗೆ ಕಡಿಮಿ ಆಗತೈತಿ. ಕೆಲವ್ರಿಗೆ ಏನೂ ಆಗೂದಿಲ್ರಿ. ತಿಂಗಳಿಗೆ ಎಷ್ಟ ದಿನ ನೋವು ಬರತೈತೋ ಅದರಾಗ ಅರ್ಧ ಕಡಿಮಿ ಆತಂದ್ರ ಕೆಲಸಾ ಚಲೋ ಆತು ಅಂತೀವಿ. ಅದೂ ಮರುದಿನಾನ ಅಲ್ಲ, ನಾಕು ತಿಂಗಳು, ಆರು ತಿಂಗಳು ಹಿಡೀತೈತಿ. ಈ ಆಪರೇಶನ್ನ ಎಲ್ಲಾ ಡಾಕ್ಟರೂ ಒಪ್ಪೂದಿಲ್ಲ. ಅದನ್ನೂ ನಿಮಗ ಹೇಳಬೇಕು, ಹೇಳೇನಿ.”

ಮೊದಲು ಮೂರು ತಿಂಗಳು ನೋವು ಬಂದ ದಿನಗಳನ್ನು ಬರೆದಿಡಬೇಕು ಎಂದರು. ಆ ಜಾಗಕ್ಕೆ ಮರಗಟ್ಟಿಸುವ ಸೂಜಿ ಹಾಕಿ ನೋಡಿದರು. ಮುಂದಿನ ಸಲ ನೋವು ಬಂದ ದಿನವೇ ಕರೆಸಿ ಮತ್ತೊಮ್ಮೆ ಹಾಕಿದರು. ಎರಡೂ ಸಲ ನೋವು ಒಂದೆರಡು ದಿನ ತೆಪ್ಪಗಾಯಿತು. ಹಾಗಾದರೆ ನರ ಅದೇ, ಕೈ ಹಾಕಬಹುದು ಎಂದರು.

ಅಂದು ಬಸ್ಸು ಅಣ್ಣಿಗೇರಿ ದಾಟಿದ ಮೇಲೆ ಬನಶಂಕರೆವ್ವ ಗಂಡ, ಸೊಸೆಯ ಕಡೆ ತಿರುಗಿದಳು. ಒಂದೇ ಮಾತು ಹೇಳಿದಳು. “ಆತು, ಮಾಡಿಸ್ಕೋತೀನಿ. ಆರು ತಿಂಗಳು ನೋಡೂಣು. ಅರ್ಧನೂ ಇಳೀಲಿಲ್ಲಂದ್ರ ಕುಣಿ ಮುಚ್ಚಿ ಬಿಡ್ರಿ. ಅರ್ಧಾ ದಿನ ಮಗ್ಗ, ಅರ್ಧಾ ದಿನ ಹಾಸಿಗಿ, ಈ ಬಾಳೇ ನನಗ ಬ್ಯಾಡ.”

ಲಕ್ಷ್ಮೀದೇವಿಗೆ ಆ ರಾತ್ರಿಯಿಂದಲೇ ಚಿಂತೆ. ಕರೆದೊಯ್ದವಳು ತಾನು. ಆಗದೇ ಹೋದರೆ ಕುಣಿ ಮುಚ್ಚಿಸಿದವಳೂ ತಾನೇ ಆಗಬೇಕು.

ಮೂರು ತಿಂಗಳ ಲೆಕ್ಕವನ್ನು ಬನಶಂಕರೆವ್ವ ತಾನೇ ಇಟ್ಟಳು. ಕೂಸಿನ ಗಡಿಬಿಡಿಯಲ್ಲಿ ಲಕ್ಷ್ಮೀದೇವಿ ಒಂದು ಸುಣ್ಣದ ಕಡ್ಡಿ ಕೈಗಿಟ್ಟು, “ಅತ್ತಿ, ನೋವು ಬಂದಾಗೆಲ್ಲಾ ಗೋಡಿಗೆ ಒಂದು ಗೀಟು ಹಾಕ್ರಿ” ಎಂದಿದ್ದಳು. ಮಗ್ಗದ ಪಕ್ಕದ ಗೋಡೆಯ ಮೇಲೆ ಗೀಟುಗಳು ಬಿದ್ದವು: ಒಂದು ತಿಂಗಳು ಹನ್ನೊಂದು, ಮುಂದಿನದು ಹತ್ತು, ಅದರ ಮುಂದಿನದು ಮತ್ತೆ ಹನ್ನೊಂದು. ಡಾಕ್ಟರು ಅದನ್ನೇ ಕಾಗದದಲ್ಲಿ ಬರೆದುಕೊಂಡರು.

ಆಪರೇಶನ್ ಎರಡೂವರೆ ತಾಸು. ಕತ್ತಿನ ಹಿಂದೆ ಕೂದಲಿನ ಅಂಚಿನಲ್ಲಿ ಬೆರಳುದ್ದದ ಹೊಲಿಗೆ. ಮೂರನೆಯ ದಿನ ಮನೆಗೆ ಬಂದಾಗ ಓಣಿ ಬಾಗಿಲಿಗೆ ಬಂದು ನಿಂತಿತ್ತು. ಹಲ್ಲು ಕೀಳಿಸಿಕೊಂಡು ಬಂದಂತೆ ಬನಶಂಕರೆವ್ವ ತಲೆನೋವು ತೆಗೆಸಿಕೊಂಡು ಬಂದಿದ್ದಾಳೆ ಎಂದೇ ಎಲ್ಲರ ಎಣಿಕೆ.

“ಏನ್ ತಗದ್ರವಾ? ಡಬ್ಬಿಯಾಗ ಹಾಕಿ ಕೊಟ್ಟಾರೇನು?” ಚನ್ನಮ್ಮ ಚೀಲದೊಳಗೆ ಇಣುಕಿದಳು.

“ಏನೂ ತಗದಿಲ್ಲ. ಜಾಗಾ ಮಾಡ್ಯಾರ,” ಎಂದಳು ಬನಶಂಕರೆವ್ವ.

“ಜಾಗಾ ಮಾಡಿದ್ರ ಇನ್ನಷ್ಟು ಬಂದು ಕುಂಡ್ರೂದಿಲ್ಲೇನು ಅದು?”

ನಾರಾಯಣಪ್ಪ ನಕ್ಕ. ಲಕ್ಷ್ಮೀದೇವಿಗೆ ನಗು ಬರಲಿಲ್ಲ. ಆ ಮಾತೂ ಅವಳ ಚಿಂತೆಯ ಗಂಟಿಗೆ ಸೇರಿತು.

ತಲೆಯ ಹಿಂಭಾಗ ಮರಗಟ್ಟಿ, ಬಾಚಣಿಗೆ ಬೇರೆ ಯಾರದೋ ತಲೆಯ ಮೇಲೆ ಓಡಿದಂತಿರುತ್ತಿತ್ತು. ಅದು ನಿಧಾನಕ್ಕೆ ತಿಳಿಯಾಗುತ್ತದೆ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರೂ ಲಕ್ಷ್ಮೀದೇವಿ ಎರಡು ಸಲ ಫೋನು ಮಾಡಿ ಕೇಳಿದಳು. ಇಪ್ಪತ್ತು ದಿನ ತಲೆ ತಣ್ಣಗಿತ್ತು. ಮನೆಯಲ್ಲಿ ಎಲ್ಲರೂ ಡಾಕ್ಟರ ಮಾತನ್ನು ಮರೆತು, ನೋವು ಹೋಗಿಯೇಬಿಟ್ಟಿತೆಂದು ನಂಬತೊಡಗಿದರು. ಸುನೀಲ ತಾನು ಕೆಲಸ ಮಾಡುವ ಲಕ್ಷ್ಮೇಶ್ವರದ ಹತ್ತಿ ಜಿನ್ನಿಂಗ್ ಮಿಲ್ಲಿನ ಗೆಳೆಯರಿಗೆಲ್ಲ ಪೇಢೆ ಹಂಚಿ ಬಂದ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಬನಶಂಕರೆವ್ವ ಚಹಾದ ಬಟ್ಟಲು ಕೆಳಗಿಟ್ಟು, ಬಲಗಣ್ಣು ಮುಚ್ಚಿಕೊಂಡಳು.

ಅಂದಿನಿಂದ ಲೆಕ್ಕವನ್ನು ಲಕ್ಷ್ಮೀದೇವಿ ತನ್ನ ಕೈಗೆ ತೆಗೆದುಕೊಂಡಳು. ಗೋಡೆ ಬೇಡ, ಕ್ಯಾಲೆಂಡರು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ದೀಪ ಹಚ್ಚುವಾಗ ಒಂದು ಸಲ: “ಅತ್ತಿ, ತಲಿ ಹೆಂಗೈತ್ರಿ?” ಚೂರು ಭಾರ ಎಂದರೂ ಆ ದಿನದ ಅಂಕಿಗೆ ಒಂದು ಕೆಂಪು ಸುತ್ತು. ಒಂದು ಸಲ ಬನಶಂಕರೆವ್ವ ಬೇಸತ್ತು, “ಲಕ್ಷ್ಮೀ, ನೀ ಕೇಳಿ ಕೇಳೀನ ಅದನ್ನ ಕರದು ತರ್ತಿ ನೋಡು” ಎಂದದ್ದೂ ಉಂಟು.

ಮೊದಲ ಮೂರು ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಾಯ ಒಳಗೆ ಮಾಯಬೇಕು ಎಂದಿದ್ದರು ಡಾಕ್ಟರು. ಆಮೇಲಿನ ಮೂರು ತಿಂಗಳು ಎಣಿಸಿದರೆ ಹತ್ತು, ಒಂಬತ್ತು, ಒಂಬತ್ತು. ಗೋಡೆಯ ಮೇಲೆ ಹನ್ನೊಂದು, ಹತ್ತು, ಹನ್ನೊಂದು. ಕತ್ತಿಗೆ ಹೊಲಿಗೆ ಹಾಕಿಸಿಕೊಂಡು, ಆರು ತಿಂಗಳು ಕಾದು, ಗಳಿಸಿದ್ದು ತಿಂಗಳಿಗೆ ಒಂದೆರಡು ದಿನ.

ಬನಶಂಕರೆವ್ವ ಕ್ಯಾಲೆಂಡರಿನ ಮುಂದೆ ನಿಂತು ಎರಡು ಸಲ ಎಣಿಸಿದಳು.

“ಮೈ ಹಗುರಾಗೈತಿ ಅಂತ ಅನಸಾಕತ್ತಿತ್ತು ನನಗ,” ಎಂದಳು. “ಅದು ಬರೇ ಆಶಾ ಇರಬೇಕು. ಲೆಕ್ಕ ಸುಳ್ಳ ಹೇಳಂಗಿಲ್ಲಲ್ಲ.”

ಎಳೆ ಎಣಿಸಿ ಬದುಕಿದವಳು. ಮೈ ಹೇಳಿದ್ದಕ್ಕಿಂತ ಎಣಿಕೆ ಹೇಳಿದ್ದನ್ನೇ ನಂಬಿದಳು. ಆ ಸಂಜೆಯೇ ಗಂಡನಿಗೆ, ಕುಣಿ ಮುಚ್ಚಲು ಒಂದು ಟ್ರ್ಯಾಕ್ಟರ್ ಗರಸು ಮಣ್ಣು ಹೇಳಿಬಿಡಿ ಎಂದಳು. ಹಾಸಿನಲ್ಲಿ ಉಳಿದದ್ದು ಮೊಳದಷ್ಟೇ. ಅದನ್ನು ನೇಯ್ದು ಸೀರೆ ಕತ್ತರಿಸಿ, ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಎತ್ತಿಸುವುದೆಂದು ಗೊತ್ತಾಯಿತು. ನಾರಾಯಣಪ್ಪ ಎರಡು ದಿನ ಕಂಡಿಕೆ ಸುತ್ತಲಿಲ್ಲ. ಕೊನೆಗೆ ಸೊರಟೂರಿನ ಟ್ರ್ಯಾಕ್ಟರಿನ ಹನಮಪ್ಪನಿಗೆ ಫೋನು ಮಾಡಿದ.

ಗರಸು ಬರುವ ದಿನ ಬೆಳಿಗ್ಗೆ ಲಕ್ಷ್ಮೀದೇವಿ ಕೂಸನ್ನೆತ್ತಿಕೊಂಡು ಪಕ್ಕದ ಮನೆಯ ರಮಜಾನಬಿಯ ಬಳಿ ಹೋಗಿ ಕೂತಳು. ಅತ್ತೆಯ ವಯಸ್ಸಿನವಳೇ ರಮಜಾನಬಿ. ಶಾವಿಗೆ ಬಿಸಿಲಿಗೆ ಹರವುತ್ತಿದ್ದಳು.

“ಎಲ್ಲಾ ನನ್ನಿಂದನ ಆತು ಚಾಚಿ,” ಎಂದಳು ಲಕ್ಷ್ಮೀದೇವಿ. “ಹನ್ನೊಂದ ಇದ್ದದ್ದು ಒಂಬತ್ತು ಆತು. ಇದಕ್ಕಾಗಿ ಅವರ ಕತ್ತು ಕೊಯ್ಸಿದೆ.”

ರಮಜಾನಬಿ ಶಾವಿಗೆಯಿಂದ ಕೈ ತೆಗೆದು ಅವಳ ಮುಖ ನೋಡಿದಳು. “ಏನ್ ಹನ್ನೊಂದು?”

“ತಿಂಗಳಿಗೆ ನೋವು ಬರೂ ದಿನಾ.”

“ಯಾರ್ಗೆ? ಬನಶಂಕರೆಕ್ಕಗ? ಹನ್ನೊಂದಾ?” ರಮಜಾನಬಿ ನಗತೊಡಗಿದಳು. “ಹುಚ್ಚಿ, ಅಕ್ಕಗ ನೋವು ಬಂದಾಗೆಲ್ಲಾ ಈ ಕೂಸು ಅಳ್ತೈತಿ ಅಂತ ನನ್ನ ತೊಡಿ ಮ್ಯಾಲೆ ತಂದ ಹಾಕಿ ಹೋಕ್ಕಿದ್ದಿ, ಹೌದಿಲ್ಲೊ? ಆಪರೇಶನ್ಕಿಂತ ಮೊದಲ ಇಂವ ನಿಮ್ಮ ಮನ್ಯಾಗ ಇದ್ದದ್ದ ಕಮ್ಮಿ. ನಮ್ಮ ಮೊಮ್ಮಗಳು ಮಹೆಕ ಅವರವ್ವಗ ಕೇಳ್ತಿದ್ಲು, ಅಮ್ಮೀ, ಈ ತಮ್ಮ ನಮ್ಮಾಂವೇನು ಅಂತ. ಈಗ ನೋಡು, ಇಂವನ ಮಾರಿ ನೋಡಾಕ ನಾನ ನಿಮ್ಮ ಮನಿಗೆ ಬರಬೇಕು.”

ಲಕ್ಷ್ಮೀದೇವಿ ಎದ್ದು ನಿಂತಳು. ಮನೆಗೆ ಓಡಿ, ಕಪಾಟಿನ ತಳದಿಂದ ಒಂದು ಹಳೆಯ ನೋಟುಬುಕ್ಕು ಎಳೆದಳು. ಕೂಸು ಹುಟ್ಟಿದ ಹೊಸದರಲ್ಲಿ ಅದು ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ತಾಸು ಮಲಗಿತು, ಎಲ್ಲಿ ಮಲಗಿತು, ಎಷ್ಟು ಸಲ ಒದ್ದೆ ಮಾಡಿತು ಎಂದು ಅಂಜಿಕೆಗೆ ಬಿದ್ದು ದಿನದಿನವೂ ಬರೆದಿಟ್ಟ ಪುಸ್ತಕ ಅದು. ಗಂಡ ಅದನ್ನು ನೋಡಿ ನಕ್ಕದ್ದಕ್ಕೆ ಬಚ್ಚಿಟ್ಟಿದ್ದಳು. ಪುಟದ ಮೇಲೆ ಪುಟ: ‘ಚಾಚಿ ಮನೆ, ಎರಡು ತಾಸು’. ‘ಚಾಚಿ ಮನೆ, ಮಧ್ಯಾಹ್ನ ಪೂರ್ತಿ’. ‘ಚಾಚಿ ಮನೆ’.

ಗೋಡೆಗೆ ಗೀಟು ಬಿದ್ದ ಆ ಮೂರು ತಿಂಗಳ ಪುಟಗಳನ್ನು ಬೆರಳಿಟ್ಟು ಎಣಿಸಿದಳು. ಮೊದಲ ತಿಂಗಳು ಇಪ್ಪತ್ತೊಂದು. ಅದರಲ್ಲಿ ಎರಡು ದಿನ ತನಗೇ ಜ್ವರ, ಅದನ್ನು ಕಳೆದು ಹತ್ತೊಂಬತ್ತು. ಎರಡನೆಯ ತಿಂಗಳು ಇಪ್ಪತ್ತು. ಮೂರನೆಯದು ಹದಿನೆಂಟು.

ಹೊರಗೆ ಟ್ರ್ಯಾಕ್ಟರ್ ಬಂದು ನಿಂತ ಸದ್ದಾಯಿತು.

ಬನಶಂಕರೆವ್ವ ಆಗಷ್ಟೇ ಸೀರೆ ಕತ್ತರಿಸಿ ಮಡಿಚುತ್ತಿದ್ದಳು. ಲಕ್ಷ್ಮೀದೇವಿ ಏದುಸಿರು ಬಿಡುತ್ತ ಬಂದು ಎದುರಿಗೆ ಕೂತಳು.

“ಅತ್ತಿ, ಗೋಡಿಗೆ ಗೀಟು ಹಾಕಿದ್ರಲ್ಲ, ಯಾವ ದಿನ ಹಾಕಿದ್ರಿ?”

“ನೋವು ಬಂದ ದಿನ.”

“ಎಲ್ಲಾ ದಿನಾನೂ?”

“ಮಗ್ಗ ಬಿಟ್ಟ ಎದ್ದ ದಿನ,” ಎಂದಳು ಬನಶಂಕರೆವ್ವ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

“ಎದ್ದ ಮ್ಯಾಲೆ ಮೂರು ದಿನಾ ಮಲಗಿದ್ರ?”

“ಎದ್ದದ್ದ ಒಂದ ಸಲ. ಒಂದ ಗೀಟು.”

“ನೋವು ಇಟ್ಕೊಂಡ ನೇಯ್ದ ದಿನ?”

“ಎದ್ದಿಲ್ಲಲ್ಲ.”

“ಮತ್ತ ಅಮಾಸಿ ದಿನ?”

“ಅಮಾಸಿಗೆ ಮಗ್ಗಕ್ಕ ರಜಾ, ಎಲ್ಲಿಂದ ಏಳೂದು? ಬರೇ ನೋವು ಬಂದು ಹೋಗಿತ್ತು. ಅದನ್ಯಾಕ ಬರೀಲಿ?”

ನಾರಾಯಣಪ್ಪ ಹಣೆಗೆ ಕೈ ಹಚ್ಚಿಕೊಂಡ. ಮೂವತ್ತೆಂಟು ವರ್ಷ ಮಗ್ಗಕ್ಕೆ ಕೂತ ಹೆಂಗಸು ತಲೆಯ ನೋವನ್ನಲ್ಲ, ಮಗ್ಗದ ನೋವನ್ನು ಎಣಿಸಿ ಕೊಟ್ಟಿದ್ದಳು. ಹಾಸು ಮುಗಿದು ಹೊಸ ಎಳೆ ಜೋಡಿಸುವವರೆಗಿನ ದಿನಗಳು, ಹಬ್ಬದ ದಿನಗಳು, ಅಮಾವಾಸ್ಯೆಗಳು, ಹಲ್ಲು ಕಚ್ಚಿ ಲಾಳಿ ಓಡಿಸಿದ ಮಧ್ಯಾಹ್ನಗಳು, ಯಾವುವೂ ಗೋಡೆಗೆ ಏರಿರಲಿಲ್ಲ. ಅತ್ತ ಸೊಸೆಯೋ ಚೂರು ಭಾರವೆಂದರೂ ಕೆಂಪು ಸುತ್ತು ಹಾಕಿದವಳು. ಎರಡನ್ನೂ ಪಕ್ಕಕ್ಕೆ ಪಕ್ಕ ಇಟ್ಟು ಮನೆಮಂದಿಯೆಲ್ಲ ಅತ್ತಿದ್ದರು.

ಲಕ್ಷ್ಮೀದೇವಿ ಪುಸ್ತಕವನ್ನು ಮಾವನ ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಂಡು, ಕಂಡಿಕೆಗಳನ್ನೇ ನೆಲದ ಮೇಲೆ ಸಾಲಾಗಿ ಇಟ್ಟು ಕೂಡಿಸಿದ. ಹೊರಗಿನಿಂದ ಹನಮಪ್ಪ ಹಾರ್ನ್ ಹೊಡೆದ.

“ನಾರಾಯಣಪ್ಪನವರ, ಎಲ್ಲೆ ಸುರೀಲ್ರಿ?”

“ತಡಿಯೋ ಮಾರಾಯಾ, ಐವತ್ತೇಳಕ್ಕ ಬಂದೇನಿ.”

“ಐವತ್ತೇಳ ಬುಟ್ಟಿ ಏನಲ್ರಿ, ಒಂದ ಟ್ರೇಲರ್ ಐತಿ.”

ಮೊದಲು ಮೂರು ತಿಂಗಳಿಗೆ ಐವತ್ತೇಳು ದಿನ. ಈಗ ಮೂರು ತಿಂಗಳಿಗೆ ಇಪ್ಪತ್ತೆಂಟು. ನಾರಾಯಣಪ್ಪ ಐವತ್ತೇಳನ್ನು ಎರಡು ಪಾಲು ಮಾಡಿದ, ಒಂದು ಕಂಡಿಕೆ ನಡುವೆ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ಹೆಂಡತಿಯ ಮುಖ ನೋಡಿದ.

“ಅರ್ಧಕ್ಕಿಂತ ಅರ್ಧಾ ದಿನಾ ಕಡಿಮಿ ಬಂತಲ್ಲೇ.”

ಬನಶಂಕರೆವ್ವ ಒಪ್ಪಲಿಲ್ಲ. ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಪುಸ್ತಕದ ಒಂದೊಂದು ದಿನವನ್ನೂ ಸೊಸೆಯಿಂದ ಓದಿಸಿ, ಬೆರಳು ಮಡಿಚುತ್ತ ನೆನಪು ಮಾಡಿಕೊಂಡಳು. ಆ ಸೋಮವಾರ ಹೌದು, ಶಿರಹಟ್ಟಿಯಿಂದ ತಂಗಿ ಬಂದಿದ್ದಳು, ಮಾತಾಡಿಸಲಿಕ್ಕೂ ಆಗಿರಲಿಲ್ಲ. ಆ ಬುಧವಾರ ಹೌದು. ಆ ಅಮಾವಾಸ್ಯೆ ಹೌದು, ವಾಂತಿಯಾಗಿತ್ತು. ಒಂದು ದಿನದ ಬಗ್ಗೆ ಮಾತ್ರ ಅನುಮಾನ ಬಂತು.

“ಅಂದ ನನಗ ನೋವಿರಲಿಲ್ಲ. ನೀ ನಿಮ್ಮವ್ವನ ಕೂಡ ಫೋನಿನ್ಯಾಗ ಮಾತಾಡಾಕ ಕೂಸಿನ್ನ ಅಲ್ಲೆ ಬಿಟ್ಟಿದ್ದಿ.”

ಲಕ್ಷ್ಮೀದೇವಿ ನಾಚಿದಳು. ಅದಿದ್ದದ್ದು ನಿಜ. ಐವತ್ತಾರಾಯಿತು.

“ಐವತ್ತಾರಕ್ಕ ಅರ್ಧ ಇಪ್ಪತ್ತೆಂಟು,” ಎಂದ ನಾರಾಯಣಪ್ಪ. “ಸರೀ ಅರ್ಧ. ಇನ್ನ ಎಣಿಸಬ್ಯಾಡ್ರವಾ, ಇಳದೀತು.”

ಬನಶಂಕರೆವ್ವ ಮಡಿಚಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಈಗ ಬರುವ ನೋವು ಮೂರು ದಿನ ಕೂರುವುದಿಲ್ಲ, ಬೆಳಿಗ್ಗೆ ಬಂದದ್ದು ಬಹಳ ಸಲ ಸಂಜೆಗೆ ಇಳಿಯುತ್ತದೆ ಎಂಬುದೂ ಆಗಲೇ ಅವಳಿಗೆ ಹೊಳೆದದ್ದು. ಇದ್ದದ್ದನ್ನು ಇದ್ದಂತೆ ನೋಡಲು ಯಾರೂ ಬಿಟ್ಟಿರಲಿಲ್ಲ, ಎಲ್ಲರೂ ಸೊನ್ನೆಗೆ ಕಾದು ಕೂತಿದ್ದರು, ಅವಳೂ ಸೇರಿ. ಅರ್ಧ ಎಂದು ಅವಳೇ ಬಸ್ಸಿನಲ್ಲಿ ಕೇಳಿದ್ದಳು. ಅರ್ಧ ಬಂದು ಮನೆಯಲ್ಲಿ ಮೂರು ತಿಂಗಳಿಂದ ಕೂತಿತ್ತು.

ಎದ್ದು ಬಾಗಿಲಿಗೆ ಬಂದಳು. ಮುಖದ ಮೇಲಿನ ನಗುವನ್ನು ಅವಳು ಮುಚ್ಚಲಿಲ್ಲ.

“ಹನಮಪ್ಪಾ, ಇಲ್ಲೆ ಬ್ಯಾಡ. ರಮಜಾನಬಿ ಮನಿ ಮುಂದ ನೀರ ನಿಂತು ಹೊಂಡ ಬಿದ್ದೈತಿ ನೋಡು, ಅಲ್ಲಿ ಸುರುವು.”

“ಕುಣಿ ಮುಚ್ಚೂದೈತಿ ಅಂದಿದ್ರು ಯಜಮಾನ್ರು?”

“ಯಾವ ಕುಣಿ? ನಮ್ಮ ಮನ್ಯಾಗ ಮುಚ್ಚೂವಂಥಾ ಕುಣಿ ಯಾವುದೂ ಇಲ್ಲಪಾ.”

ಗರಸು ಸುರಿದ ಧೂಳಿಗೆ ರಮಜಾನಬಿ ಶಾವಿಗೆ ಎತ್ತಿಕೊಂಡು ಒಳಗೋಡುತ್ತ ಬೈದಳು. ಆಮೇಲೆ ವಿಷಯ ತಿಳಿದು, ಅದೇ ಶಾವಿಗೆಯ ಪಾಯಸ ಮಾಡಿ ಎರಡೂ ಮನೆಗೆ ಹಂಚಿದಳು.

ಸೋಮವಾರ ಹುಬ್ಬಳ್ಳಿಗೆ ಹೋದಾಗ ಡಾಕ್ಟರಮ್ಮ ಕೂಸಿನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಕೂಸಿನ ಹಾಲಿನ ಲೆಕ್ಕ ಕಂಡು ತುಟಿ ಬಿಗಿಹಿಡಿದರು, ನಗಲಿಲ್ಲ. ಇಬ್ಬರಿಗೂ ಎರಡು ಮಾತು ಹೇಳಿದರು: ಮಾತ್ರೆ ಹತ್ತಿರವೇ ಇರಲಿ, ನೋವು ಏಳುವಾಗಲೇ ನುಂಗಿರಿ. ಇನ್ನು ಮುಂದೆ ಎಣಿಸುವವರು ಒಬ್ಬರೇ ಇರಲಿ. ಇಷ್ಟೇ ನಿಲ್ಲುತ್ತದೋ ಇನ್ನೂ ಇಳಿಯುತ್ತದೋ ಅಥವಾ ಚೂರು ಏರುತ್ತದೋ, ನಾನು ಹೇಳಲಾರೆ ಎಂದರು. ಬನಶಂಕರೆವ್ವ ತಲೆಯಾಡಿಸಿದಳು. ಲಕ್ಷ್ಮೀದೇವಿ ಏರುತ್ತದೋ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಬಸ್ಸು ಹತ್ತಿದಳು. ಆದರೆ ಅಣ್ಣಿಗೇರಿಯ ಹತ್ತಿರ ಅತ್ತೆ ಸೀಟಿಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತ ಮಲಗಿದ್ದು ಕಂಡು ಆ ಮಾತನ್ನು ಸ್ವಲ್ಪ ಸಡಿಲ ಬಿಟ್ಟಳು.

ಹೊಸ ಹಾಸು ಬಂತು. ಹಳೆಯ ಎಳೆಗಳ ತುದಿಗೆ ಹೊಸವನ್ನು ಒಂದೊಂದಾಗಿ ಹೊಸೆದು ಜೋಡಿಸಲು ಎರಡು ದಿನ ಹಿಡಿಯಿತು. ಐದನೆಯ ದಿನ ಬೆಳಿಗ್ಗೆ ಬನಶಂಕರೆವ್ವನ ಬಲಗಣ್ಣಿನ ಹಿಂದೆ ನೋವು ಬಂದು ಕೂತಿತು. ಲಾಳಿ ಇಟ್ಟು ಮಾತ್ರೆ ನುಂಗಿ, ಕೋಣೆಯ ಪರದೆ ಎಳೆದು ಮಲಗಿದಳು. ಲಕ್ಷ್ಮೀದೇವಿ ಮೂರು ಸಲ ಬಾಗಿಲವರೆಗೆ ಹೋಗಿ, ಕೇಳದೆ ಹಿಂದಿರುಗಿದಳು. ಮೂರೂವರೆಗೆ ಅತ್ತೆ ತಾನೇ ಎದ್ದು ಬಂದು, ಮುಖ ತೊಳೆದು, ಚಹಾ ಕುಡಿದು, ಕುಣಿಗೆ ಕಾಲಿಳಿಬಿಟ್ಟಳು.

ಮಗ್ಗದ ಸದ್ದು ಕೇಳಿ ಚನ್ನಮ್ಮ ಕಿಟಕಿಯಲ್ಲಿ ತಲೆ ಹಾಕಿದಳು.

“ಮತ್ತ ಬಂದಿತ್ತಂತಲ್ಲಬೇ ನಿನ್ನ ತಲಿನೋವು. ಇನ್ನೂ ತಿಂಗಳಿಗೆ ಒಂಬತ್ತು ದಿನಾ ಬರತೈತಂತ? ಅಷ್ಟೆಲ್ಲಾ ಕೊಯ್ಸಿಕೊಂಡು ಏನ ಸುಖಾ ಆತು?”

ಬನಶಂಕರೆವ್ವ ಲಾಳಿ ನಿಲ್ಲಿಸಲಿಲ್ಲ.

“ಒಂಬತ್ತು ದಿನಾ ಅದರದು ಚನ್ನಮ್ಮಾ. ಉಳಿದ ಇಪ್ಪತ್ತೊಂದ ದಿನಾ ನಂದು. ನಿನ್ನ ಟಿವಿ ದೊಡ್ಡದ ಮಾಡ್ಕೊ ಹೋಗು.”